ಶಾಕಾಹಾರದ ವಾದ

ಶಾಕಾಹಾರವನ್ನು ಕುರಿತು ವಾದಿಸುವವರು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದನ್ನು ನಾವು ಬಹುಕಾಲದಿಂದ ನೋಡುತ್ತಿದ್ದೇವೆ. ಪ್ರಾಣಿಹಿಂಸೆ ಯುಕ್ತವೇ ಎಂಬುದೊಂದು. ದೇಹಕ್ಕೆ ಯಾವುದು ಪಥ್ಯವೆಂಬುದು ಇನ್ನೊಂದು. ಮೊದಲನೆಯದಕ್ಕೆ ಧರ್ಮಬುದ್ಧಿಯೂ ಎರಡನೆಯದಕ್ಕೆ ವೈದ್ಯಶಾಸ್ತ್ರವೂ ಉತ್ತರ ಹೇಳಬೇಕು. ನಾವು ಹುಟ್ಟಿನಿಂದ ಶಾಕಾಹಾರಿಗಳೇ. ಆದರೂ ನಮ್ಮ ಪಕ್ಷದವರ ಮಾತುಗಳೆಲ್ಲವನ್ನೂ ಒಪ್ಪಲಾರೆವು.

ಸೊಪ್ಪು ಕಾಳುಗಳಲ್ಲಿ ಬೇಕಾದುದೆಲ್ಲ ಇದೆಯೆಂಬ ಮಾತನ್ನೇ ನೋಡಿರಿ. ಹುರುಳಿ ರಾಗಿಗಳ ಗುಣವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ 1948ರಲ್ಲಿ ಬೇರ್ಪಡಿಸಲ್ಪಟ್ಟ ಬಿ12 ಎಂಬ ಜೀವಸತ್ತ್ವವು ಅವುಗಳಲ್ಲಿಲ್ಲ. ಅದರ ಕೊರತೆಯಿಂದ ರಕ್ತಹೀನತೆಯೂ ಕೈಕಾಲುಗಳ ಜೋಮೂ ಉಂಟಾಗುತ್ತವೆ. ನಮ್ಮ ಮನೆಗಳಿಗೆ ಅದನ್ನು ಒದಗಿಸುವುದು ಹಾಲು ಮೊಸರು, ಎಂದರೆ ಹಸುವೇ. ಗಾಂಧೀಜಿಯವರು 1912ರಲ್ಲಿ ಹಾಲನ್ನೂ ತ್ಯಜಿಸಿದ್ದರು. 1918ರ ಆಮಶಂಕೆಯಿಂದ ಬಹಳ ಕುಗ್ಗಿಹೋಗಿದ್ದಾಗ, ಆಡಿನ ಹಾಲಿಗೆ ಅಡ್ಡಿಯಿಲ್ಲವಷ್ಟೆ ಎಂದು ಕಸ್ತೂರಬಾ ಸೂಚಿಸಲು, ಅದನ್ನು ಸ್ವೀಕರಿಸಿದರು. ಪ್ರತಿಜ್ಞೆಯ ಅಕ್ಷರವುಳಿದು ಭಾವ ಕೆಟ್ಟಿತೆಂದು ಆತ್ಮಕಥೆಯಲ್ಲಿ ತಾವೇ ನೊಂದುಕೊಂಡಿದ್ದಾರೆ. ಇದರಿಂದ ಅವರ ದಯೆಗೆ ಕುಂದಿಲ್ಲ. ದಯೆಗೆ ಆರೋಗ್ಯದ ಊರುಗೋಲು ಬೇಕೆನ್ನುವವರೇ ಅದನ್ನು ಕುಂಟಾಗಿಸುವರು.

ಇನ್ನು ಶಾಸ್ತ್ರ. ಮನುಸ್ಮೃತಿಯ ಐದನೆಯ ಅಧ್ಯಾಯದ ಒಂದೇ ಶ್ಲೋಕವು ಮಾಂಸಭಕ್ಷಣದಲ್ಲಿ ದೋಷವಿಲ್ಲವೆಂದೂ ನಿವೃತ್ತಿಗೆ ಮಹಾಫಲವೆಂದೂ ಹೇಳುತ್ತದೆ. (ನಮ್ಮವರು ಉತ್ತರಾರ್ಧವನ್ನು ಮಾತ್ರ ಬಾಯಿಪಾಠ ಮಾಡಿರುತ್ತಾರೆ.) ಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮವನ್ನು ಬೋಧಿಸುವವನು ಮಿಥಿಲೆಯಲ್ಲಿ ಮಾಂಸ ಮಾರುವ ವ್ಯಾಧನು. ನಿವೃತ್ತಿಯು ತಾನಾಗಿ ಕೈಕೊಳ್ಳುವ ವ್ರತ, ಪರರಿಗೆ ಹೊರಿಸತಕ್ಕುದಲ್ಲ.

ಹೊರಿಸುವ ಪ್ರಯತ್ನವು ಶಾಲೆಯ ಊಟದ ಪಂಕ್ತಿಗೂ ಬಂದಿತು. 2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು, ಯಾದಗಿರಿ ಮೊದಲಾದ ಜಿಲ್ಲೆಗಳಲ್ಲಿ ಸರ್ಕಾರವು ಮಧ್ಯಾಹ್ನದೂಟದೊಡನೆ ಮೊಟ್ಟೆಯನ್ನೂ, ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ ಕೆಲವು ಮಠಾಧಿಪತಿಗಳು ಆಕ್ಷೇಪಿಸಿದರು. ಮಕ್ಕಳಲ್ಲಿ ಭೇದ ಹುಟ್ಟುವುದೆಂಬ ಆತಂಕವನ್ನು ನಾವು ಹಗುರವಾಗಿ ಕಾಣೆವು. ಒಬ್ಬರ ತಟ್ಟೆಯನ್ನು ನೋಡಿ ಇನ್ನೊಬ್ಬರು ನಗುವುದನ್ನು ಉಪಾಧ್ಯಾಯರಾದವರೆಲ್ಲರೂ ಬಲ್ಲರು. ಅದನ್ನು ತಿದ್ದುವುದು ಉಪಾಧ್ಯಾಯರ ಕೆಲಸ. ಅದಕ್ಕಾಗಿ, ಸುಮಾರು 6 ಗ್ರಾಂ ಸಸಾರಜನಕವೂ ಮೇಲೆ ಹೇಳಿದ ಜೀವಸತ್ತ್ವವೂ ಉಳ್ಳ ಆಹಾರವನ್ನು, ಮನೆಯಲ್ಲಿ ಮೊಟ್ಟೆ ತಿನ್ನುವ ಬಡಮಗುವಿನ ಕೈಯಿಂದ ಕಸಿಯುವುದು ಅಹಿಂಸೆಯೆಂದು ನಮಗೆ ತೋರುವುದಿಲ್ಲ. ಹಾಲು ತುಪ್ಪಗಳಲ್ಲಿ ಬೆಳೆದ ನಾವು ಹೇಳುವ ಮಾತಂತೂ ಅಲ್ಲ.

ಒಂದು ಬಾಳೆಹಣ್ಣು ಮೊಟ್ಟೆಗೆ ಸಮವಲ್ಲವೆಂಬುದು ನಿಜ. ಆಕ್ಷೇಪಿಸಿದವರು ಒಲ್ಲದ ಮಗುವಿಗೊಂದು ಬಟ್ಟಲು ಗಟ್ಟಿಮೊಸರನ್ನು ಕೇಳಿದ್ದರೆ ನಾವೂ ಅವರೊಡನೆ ದನಿಗೂಡಿಸುತ್ತಿದ್ದೆವು.