ಮೂಲಿಕೆಯ ಮೇಲಣ ವಿಶ್ವಾಸ, ಮೂಲಿಕೆಯ ವಿವೇಕ

ಹಾನಗಲ್ಲ ಸೀಮೆಯ ತಾಯಿಯೊಬ್ಬರು ನಮಗೆ ಪತ್ರ ಬರೆದು, ಕ್ಯಾನ್ಸರ್ ಚಿಕಿತ್ಸೆಯ ತರುವಾಯ ತಮ್ಮ ಯಜಮಾನರ ಕೈಕಾಲುಗಳು ಜೋಮು ಹಿಡಿದಂತಿವೆ, ಮುಂಡಗೋಡದ ಟಿಬೇಟಿ ವೈದ್ಯರಲ್ಲಿಗೆ ಕರೆದೊಯ್ಯಬಹುದೇ ಎಂದು ಕೇಳಿದ್ದಾರೆ. ಇದೇ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತ್ತು. ಅಂದು ನಾವು ಕೊಟ್ಟ ಉತ್ತರದಲ್ಲಿ ಅರ್ಧ ತಪ್ಪಿತ್ತು. ಅದನ್ನೇ ಈ ಸಲ ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುತ್ತೇವೆ.

ನಮ್ಮ ತಂಗಿಗೆ ಸ್ತನ ಕ್ಯಾನ್ಸರ್ ಆದಾಗ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಕೊಟ್ಟರು. ರೋಗವೇನೋ ಹಿಮ್ಮೆಟ್ಟಿತು; ಆದರೆ ಪಾದಗಳಲ್ಲಿ ಉರಿ, ಬೆರಳ ತುದಿಗಳಲ್ಲಿ ಮರಗಟ್ಟುವಿಕೆ ಉಳಿದವು. ಕುಪ್ಪಸದ ಗುಂಡಿ ಹಾಕಲಾರಳು. ರೊಟ್ಟಿ ತಟ್ಟಲು ಕುಳಿತರೆ ಹಿಟ್ಟಿನ ಹದ ಕೈಗೆ ತಿಳಿಯದು. ಈ ಔಷಧವೂ ವಿನ್‌ಕ್ರಿಸ್ಟಿನ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಮೊದಲಾದವೂ ರೋಗದ ಕೋಶಗಳೊಡನೆ ನರಗಳನ್ನೂ ಘಾಸಿಗೊಳಿಸುತ್ತವೆ. ಉದ್ದನೆಯ ನರಗಳಿಗೆ ಮೊದಲ ಪೆಟ್ಟು ಬೀಳುವುದರಿಂದ ಬಾಧೆ ಕಾಲ್ಬೆರಳುಗಳಲ್ಲಿ ಆರಂಭವಾಗುವುದು ಸಾಮಾನ್ಯ.

"ಗಿಡಮೂಲಿಕೆಯಿಂದ ಕೇಡೇನು ತಂಗಿ? ಹೋಗಿ ಬಾ" ಎಂದು ನಾವೇ ಕಳುಹಿಸಿದೆವು. ಮುಂಡಗೋಡದ ಟಿಬೇಟಿ ನೆಲೆ 1966ರಲ್ಲಿ ಆರಂಭವಾದುದು. ಅವರ ವೈದ್ಯಪದ್ಧತಿಯ ಹೆಸರು ಸೋವಾ ರಿಗ್ಪಾ. ಅದರ ಮೂಲಗ್ರಂಥ 'ಗ್ಯುಶಿ'. ನಮ್ಮ ವಾಗ್ಭಟನ 'ಅಷ್ಟಾಂಗಹೃದಯ'ವು 11ನೆಯ ಶತಮಾನದಲ್ಲಿಯೇ ಟಿಬೇಟಿ ಭಾಷೆಗೆ ಹೋದುದರಿಂದ ಅದು ಆಯುರ್ವೇದಕ್ಕೆ ಬಂಧುವೂ ಹೌದು. ಭಾರತ ಸರ್ಕಾರ 2010ರಲ್ಲಿ ಅದಕ್ಕೆ ಮಾನ್ಯತೆ ನೀಡಿತು.

ಆಮ್ಚಿ, ಎಂದರೆ ಅಲ್ಲಿಯ ವೈದ್ಯರು, ಎರಡೂ ಕೈಗಳ ನಾಡಿ ಹಿಡಿದು, ನಾಲಿಗೆ ನೋಡಿ, ಆಸ್ಪತ್ರೆಯ ಕಾಗದಗಳನ್ನು ಕೇಳಿ ಪಡೆದರು. ನಮ್ಮ ವಾತವನ್ನು ಹೋಲುವ 'ಲುಂಗ್' ಕೆರಳಿದೆ ಎಂದು ಹೇಳಿ, ಬಿಸಿನೀರಿನಲ್ಲಿ ಅರೆದು ಕುಡಿಯುವ ಕಹಿ ಗುಳಿಗೆಗಳನ್ನು ಕೊಟ್ಟರು. ಒಂದೂವರೆ ತಿಂಗಳಲ್ಲಿ ನಿದ್ರೆ ಸುಧಾರಿಸಿತು, ಉರಿ ತಗ್ಗಿತು. ಮರಗಟ್ಟುವಿಕೆ ಹಾಗೆಯೇ ಉಳಿಯಿತು. ಗುಣ ಕಂಡದ್ದು ಗುಳಿಗೆಯಿಂದಲೋ ಕಾಲದಿಂದಲೋ? ಚಿಕಿತ್ಸೆ ಮುಗಿದ ಮೇಲೆ ಅನೇಕರಿಗೆ ತಿಂಗಳುಗಳಲ್ಲಿ ತಾನಾಗಿಯೇ ಕಡಿಮೆಯಾಗುವುದುಂಟು. ಆದುದರಿಂದ ಇದು ಗುಳಿಗೆಯ ಗುಣವೇ ಎಂದು ನಾವು ಸಾರಲಾರೆವು.

ಮುಂದೆ ಪರಿಚಿತರೊಬ್ಬರು ಧರ್ಮಶಾಲೆಯಿಂದ ಬರುವಾಗ ಬಣ್ಣದ ರೇಷ್ಮೆಯಲ್ಲಿ ಸುತ್ತಿದ 'ರತ್ನಗುಳಿಗೆ'ಗಳನ್ನು ತಂದುಕೊಟ್ಟರು. ತಂಗಿ ಅವನ್ನು ಕಣ್ಣಿಗೊತ್ತಿಕೊಂಡು ಸೇವಿಸಿದಳು. ಆಮ್ಚಿಗೂ ಹೇಳಲಿಲ್ಲ, ಆಸ್ಪತ್ರೆಯಲ್ಲಿಯೂ ಹೇಳಲಿಲ್ಲ, ಬೈದಾರೆಂಬ ಅಂಜಿಕೆ. ಮರುತಪಾಸಣೆಯಲ್ಲಿ ವೈದ್ಯರು ಮೃದುವಾಗಿ ಕೇಳಿದಾಗ ಎಲ್ಲವೂ ಹೊರಬಂದಿತು. ಅವರು ಗದರಿಸಲಿಲ್ಲ, "ಅದರಲ್ಲಿ ಏನೇನಿದೆ?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ವಿಚಾರಿಸಲಾಗಿ, ಕೆಲವು ರತ್ನಗುಳಿಗೆಗಳಲ್ಲಿ 'ಚೋಥೆಲ್' ಎಂಬ, ಶುದ್ಧಿಗೊಳಿಸಿದ ಪಾದರಸದ ಭಸ್ಮವಿರುವುದು ತಿಳಿಯಿತು. ಪಾದರಸ, ಸೀಸಗಳು ತಾವೇ ನರಗಳಿಗೆ ಹಾನಿ ಮಾಡಬಲ್ಲವು. ಬೆಂದ ನರಕ್ಕೆ ಮತ್ತೆ ಬೆಂಕಿ ತಾಗಿಸುವ ಕೆಲಸಕ್ಕೆ ನಮ್ಮ ಮಾತೇ ಧೈರ್ಯ ಕೊಟ್ಟಿತ್ತಲ್ಲ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ.

ನಾವು ಮರೆತಿದ್ದ ಸಂಗತಿ ಅಂಗಳದಲ್ಲಿಯೇ ಇತ್ತು. ಪೂಜೆಗೆ ಬಿಡಿಸುವ ನಿತ್ಯಪುಷ್ಪದ ಗಿಡದಿಂದಲೇ ವಿನ್‌ಕ್ರಿಸ್ಟಿನ್ ದೊರೆತದ್ದು. ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮೊದಲು ದೊರೆತದ್ದು ಮರದ ತೊಗಟೆಯಿಂದ. ನರವನ್ನು ನೋಯಿಸಿದ್ದೂ ಮೂಲಿಕೆಯೇ! ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ.

ಆದುದರಿಂದ ತಾಯಿ, ಆಮ್ಚಿಯಲ್ಲಿಗೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಮೊದಲು ಕ್ಯಾನ್ಸರ್ ವೈದ್ಯರಿಗೆ ತಿಳಿಸಿರಿ. ಕೀಮೋಥೆರಪಿ ನಡೆಯುತ್ತಿದ್ದರೆ ಅವರ ಒಪ್ಪಿಗೆಯಿಲ್ಲದೆ ಬೇರೆ ಔಷಧ ಬೇಡ. ಗುಳಿಗೆಯಲ್ಲಿ ಲೋಹವಿದೆಯೇ ಎಂದು ಆಮ್ಚಿಯನ್ನೇ ಕೇಳಿರಿ. ಪರರು ತಂದುಕೊಟ್ಟದ್ದನ್ನು ಸೇವಿಸಬೇಡಿರಿ. ಸಕ್ಕರೆ ಕಾಯಿಲೆಯೂ ಬಿ-12 ಜೀವಸತ್ವದ ಕೊರತೆಯೂ ಜೋಮು ಹೆಚ್ಚಿಸುತ್ತವೆ. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಈ ಕೊರತೆ ಅಪರೂಪವಲ್ಲ, ಪರೀಕ್ಷೆ ಮಾಡಿಸಿರಿ. ನೋವು ಬಹಳವಿದ್ದರೆ ಡ್ಯುಲೊಕ್ಸೆಟಿನ್ ಬಗ್ಗೆ ವೈದ್ಯರನ್ನು ಕೇಳಬಹುದು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ 2020ರ ಮಾರ್ಗಸೂಚಿ ಈ ನೋವಿಗೆ ಸೂಚಿಸಿದ್ದು ಅದೊಂದನ್ನೇ. ಯಜಮಾನರು ಬರಿಗಾಲಲ್ಲಿ ನಡೆಯದಿರಲಿ. ಸ್ನಾನದ ನೀರಿನ ಬಿಸಿಯನ್ನು ನೀವೇ ನೋಡಿರಿ. ರಾತ್ರಿ ಅವರ ಅಂಗಾಲು ನೋಡಿ ಮಲಗಿರಿ.

ನಮ್ಮ ತಂಗಿಯ ಕಾಲ್ಬೆರಳುಗಳು ಇನ್ನೂ ಪೂರ್ಣ ಎಚ್ಚರಗೊಂಡಿಲ್ಲ. ಆದರೂ ಕಳೆದ ವಾರ ರೊಟ್ಟಿ ತಟ್ಟಿ ಬಡಿಸಿದಳು. ಅಂಚು ತುಸು ದಪ್ಪವಾಗಿತ್ತು. ನಾವು ಎರಡು ಉಂಡೆವು.