ಚಳಿ ಬೆನ್ನ ಕೆಳಗಿಂದ ಬರುತ್ತೆ

ಮೊದಲೇ ಹೇಳ್ಬಿಡ್ತೀನಿ, ನಂದು ಇಂಗ್ಲಿಷ್ ಮೀಡಿಯಂ ಕನ್ನಡ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ವಿಷಯ ಸೀರಿಯಸ್. ಈ ಡಿಸೆಂಬರ್‌ನಲ್ಲಿ ನಮ್ಮ ಟ್ರೆಕ್ಕಿಂಗ್ ಗ್ಯಾಂಗ್ ಚಂದ್ರಗುತ್ತಿ ಕಡೆ ಹೋಗಿ, ಹ್ಯಾಮಕ್ ಕಟ್ಟಿ ಒಂದು ರಾತ್ರಿ ಮಲಗೋ ಪ್ಲಾನ್ ಹಾಕಿದೆ. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ದಪ್ಪ ದಪ್ಪ ಸ್ಲೀಪಿಂಗ್ ಬ್ಯಾಗ್‌ಗಳ ಲಿಂಕ್ ಕಳಿಸ್ತಾ ಇದಾರೆ. ನನ್ನ ಪ್ರಕಾರ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ಕಳೆದ ವರ್ಷ ನಾನೂ ಅದನ್ನೇ ಮಾಡಿದ್ದೆ. ಡಿಸೆಂಬರ್ ಕೊನೇಲಿ ನಾವು ಮೂವರು ಸೊರಬ ತಾಲ್ಲೂಕಿನ ನನ್ನ ಅಜ್ಜನ ಊರಿಗೆ ಹೋಗಿದ್ವಿ. ಎರಡು ಹ್ಯಾಮಕ್, ಒಂದು ಚಿಕ್ಕ ಟೆಂಟ್. ಹ್ಯಾಮಕ್ಕನ್ನ ಎರಡು ಅಡಿಕೆ ಮರಕ್ಕೆ ಕಟ್ಟಕ್ಕೆ ಹೋದ್ರೆ ಅಜ್ಜ ಓಡಿ ಬಂದ. "ಏಯ್, ಫಸಲು ಕೊಡೋ ಮರ ಅದು! ನಿಮ್ಮ ಭಾರಕ್ಕೆ ಬಗ್ಗಿಹೋಗ್ತದೆ. ಹಲಸಿನ ಮರಕ್ಕೆ ಕಟ್ಕಳಿ." ಸರಿ, ತೋಟದ ಕೆಳಗೆ ಹಳ್ಳದ ಪಕ್ಕ ಒಂದು ಹಲಸು, ಒಂದು ಮಾವು ಸಿಕ್ತು. ಫೋಟೋಗೆ ಸೂಪರ್ ಜಾಗ.

ಮಲಗೋಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ತಣ್ಣನೆ ಗಾಳಿ ಭಾರ, ರಾತ್ರಿ ಅದು ಇಳಿಜಾರಲ್ಲಿ ಜಾರಿ ಹಳ್ಳದಲ್ಲೇ ನಿಲ್ಲುತ್ತೆ. ಬೆಳಗಿನ ಜಾವ ಎರಡು ಗಂಟೆಗೆ ಹಲ್ಲು ಕಟಕಟ ಅಂತ ಎದ್ದೆ. ಫೋನ್ 14 ಡಿಗ್ರಿ ತೋರಿಸ್ತಿತ್ತು. ಬರೀ ಹದಿನಾಲ್ಕು! ಮೈ ಮೇಲೆ ಜಾಕೆಟ್, ಅದರ ಮೇಲೆ ಹೊಸ ಸ್ಲೀಪಿಂಗ್ ಬ್ಯಾಗ್. ಎದೆ ಬೆಚ್ಚಗಿದೆ, ಬೆನ್ನು ಮಾತ್ರ ಐಸ್.

ಕಾರಣ ನಾವು ಪಿಯುಸಿಯಲ್ಲೇ ಓದಿರೋದು. ಬಟ್ಟೆ ನಮ್ಮನ್ನ ಬೆಚ್ಚಗಿಡಲ್ಲ, ಬಟ್ಟೆ ಒಳಗೆ ಅಲ್ಲಾಡದೆ ನಿಂತಿರೋ ಗಾಳಿ ಇಡುತ್ತೆ. ನಿಂತ ಗಾಳಿಯ ಶಾಖ ವಾಹಕತೆ ಮೀಟರಿಗೆ, ಕೆಲ್ವಿನ್ನಿಗೆ ಸುಮಾರು 0.026 ವ್ಯಾಟ್, ನೀರಿಂದು ಸುಮಾರು 0.6. ಸ್ಲೀಪಿಂಗ್ ಬ್ಯಾಗ್ ಮೇಲೆ ನಾವು ಮಲಗಿದ ತಕ್ಷಣ ಕೆಳಗಿನ ಅರ್ಧ ಚಪ್ಪಟೆ ಆಗುತ್ತೆ, ಗಾಳಿ ಹೊರಗೆ ಹೋಗುತ್ತೆ. ನೆಲದ ಮೇಲಾದ್ರೆ ಕೆಳಗೆ ಗಾಳಿ ಬೀಸಲ್ಲ. ಹ್ಯಾಮಕ್‌ನಲ್ಲಿ ಒಂದು ತೆಳು ನೈಲಾನ್ ಬಟ್ಟೆ, ಅದರ ಕೆಳಗೆ ರಾತ್ರಿ ಇಡೀ ಓಡಾಡೋ ಗಾಳಿ. ಪ್ರೊಸೆಸರ್‌ಗೆ ಫ್ಯಾನ್ ಹಾಕಿದ ಹಾಗೆ ನಮ್ಮ ಬೆನ್ನಿಗೆ ಫ್ಯಾನ್. ಮೇಲೆ ಇನ್ನೆರಡು ಸಾವಿರ ರೂಪಾಯಿ ಸುರಿದ್ರೂ ಬೆನ್ನಿಗೆ ಪ್ರಯೋಜನ ಇಲ್ಲ.

ಬೆಳಿಗ್ಗೆ ಇದನ್ನೆಲ್ಲ ಅಜ್ಜಿಗೆ ವಿವರಿಸಿದ್ರೆ ಅವಳು ನಕ್ಕಳು. "ತಮ್ಮಾ, ನಿನ್ನನ್ನ ಜೋಲಿಗೆ ಹಾಕ್ತಿದ್ದಾಗ ಅಡಿಗೆ ಏನ್ ಹಾಕ್ತಿದ್ವಿ ಅಂತ ಕೇಳು ನಿಮ್ಮಮ್ಮನ್ನ." ಗದ್ದೆ ಕೆಲಸಕ್ಕೆ ಬರೋರು ಮರದ ಕೊಂಬೆಗೆ ಸೀರೆ ಜೋಲಿ ಕಟ್ಟಿ ಮಗು ಮಲಗಿಸ್ತಾರಲ್ಲ, ಅದರೊಳಗೆ ಮೊದಲು ಹೋಗೋದು ಮಡಚಿದ ಕೌದಿ. ಮಗು ಆಮೇಲೆ. ಶಿಕಾರಿಪುರ ಕಡೆ ನಮ್ಮ ಮಾವನೋರೂ ಅಷ್ಟೇ. ಮೆಕ್ಕೆಜೋಳ ತೆನೆ ಕಟ್ಟಿದಾಗ ಹಂದಿ ಕಾಯೋಕೆ ಹೊಲದಲ್ಲಿ ಅಟ್ಟಣೆ ಹಾಕ್ತಾರೆ. ಅದರ ಮೇಲೆ ಮೊಣಕಾಲುದ್ದ ಭತ್ತದ ಹುಲ್ಲು, ಅದರ ಮೇಲೆ ಕಂಬಳಿ, ಹೊದಿಯೋಕೆ ಇನ್ನೊಂದು ಕಂಬಳಿ. ಹುಲ್ಲಿನ ಕಡ್ಡಿ ಒಳಗೂ ಗಾಳಿ, ಕಡ್ಡಿ ಮಧ್ಯೆನೂ ಗಾಳಿ. ಹೊರದೇಶದ ಹ್ಯಾಮಕ್‌ನೋರು ಇದೇ ಕೆಲಸಕ್ಕೆ 'ಅಂಡರ್‌ಕ್ವಿಲ್ಟ್' ಅಂತ ಹ್ಯಾಮಕ್‌ನ ಹೊರಗೆ, ಕೆಳಗಡೆ ಒಂದು ರಜಾಯಿ ನೇತು ಹಾಕ್ತಾರೆ. ನಮ್ಮ ಭಾರ ಅದರ ಮೇಲೆ ಬೀಳಲ್ಲ, ಹಾಗಾಗಿ ಅದು ಚಪ್ಪಟೆ ಆಗಲ್ಲ. ಐಡಿಯಾ ಚೆನ್ನಾಗಿದೆ, ರೇಟ್ ಚೆನ್ನಾಗಿಲ್ಲ.

ಎರಡನೇ ರಾತ್ರಿ ಹ್ಯಾಮಕ್ಕನ್ನ ಹಳ್ಳದಿಂದ ಮೇಲೆ, ಅಂಗಳದ ಪಕ್ಕಕ್ಕೆ ತಂದ್ವಿ. ಒಳಗೆ ಯೋಗ ಮ್ಯಾಟ್, ಅದರ ಮೇಲೆ ಕೌದಿ. ಹೊರಗೆ ಕೆಳಗಡೆ ಅಜ್ಜನ ಕರಿ ಕಂಬಳಿಯ ನಾಲ್ಕು ಮೂಲೆಗೆ ಹಗ್ಗ ಬಿಗಿದು, ನಾಲ್ಕು ಬೆರಳು ಅಂತರ ಬಿಟ್ಟು ಕಟ್ಟಿದ್ವಿ. ಸ್ಟೀಲ್ ಬಾಟಲಿಗೆ ಬಿಸಿನೀರು ಹಾಕಿ, ಸಾಕ್ಸ್ ತೊಡಿಸಿ ಕಾಲ ಹತ್ರ ಇಟ್ಕೊಂಡೆ. ಒಣ ಸಾಕ್ಸ್, ಕಿವಿ ಮುಚ್ಚೋ ಟೋಪಿ. ಇಬ್ಬನಿ ಬೀಳದ ಹಾಗೆ ಮೇಲೊಂದು ಟಾರ್ಪಾಲು. ಚಳಿ ಅಷ್ಟೇ ಇತ್ತು. ಆದ್ರೆ ನನ್ನನ್ನ ಎಬ್ಬಿಸಿದ್ದು ಚಳಿ ಅಲ್ಲ, ಕೋಳಿ.

ನಾನು ನಿಜವಾಗ್ಲೂ ಹೇಳ್ಬೇಕಾಗಿರೋದು ಮೊದಲನೇ ರಾತ್ರಿಯ ಇನ್ನೊಂದು ವಿಷಯ. ಅಂಗಳದಲ್ಲಿ ಅಡಿಕೆ ಬೇಯಿಸಿದ ಒಲೆಯಲ್ಲಿ ಇನ್ನೂ ಕೆಂಡ ಇತ್ತು. ಟೆಂಟಲ್ಲಿದ್ದ ಗೆಳೆಯ ಚಳಿ ತಡೀಲಾರದೆ ಒಂದು ಬಾಣಲೆ ತುಂಬ ಕೆಂಡ ತಗೊಂಡು ಟೆಂಟ್ ಒಳಗಿಟ್ಟು ಜಿಪ್ ಎಳ್ಕೊಂಡಿದ್ದ. ಅಜ್ಜ ಲೋಟ ನೀರು ಕುಡಿಯೋಕೆ ಅಂತ ಎದ್ದವನು ಅದನ್ನ ನೋಡಿ, ಜಿಪ್ ಎಳೆದು, ಬಾಣಲೆ ಹೊರಗೆ ಎಸೆದ. ಅವತ್ತು ಅಜ್ಜನ ಬಾಯಲ್ಲಿ ಬಂದಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತೆ. ಮಲಗಿದೋರು ಕೆಮ್ಮಲ್ಲ, ಏಳಲ್ಲ. ಅವನು ಮೂರನೇ ಬೆಂಚಲ್ಲಿ ನನ್ನ ಪಕ್ಕ ಕೂರೋ ಹುಡುಗ. ಈ ಲೇಖನ ಹಾಕೋದಕ್ಕೆ ಅವನೇ ಪರ್ಮಿಷನ್ ಕೊಟ್ಟಿದಾನೆ.

ಇನ್ನು 'ಒಂದು ಪೆಗ್ ಹಾಕಿದ್ರೆ ಬೆಚ್ಚಗಾಗುತ್ತೆ' ಅನ್ನೋ ಸೀನಿಯರ್ಸ್‌ಗೆ: ಬೆಚ್ಚಗಾಗೋದು ಚರ್ಮ ಮಾತ್ರ. ರಕ್ತನಾಳ ಅಗಲ ಆಗಿ ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಹೋಗುತ್ತೆ. ಅದರ ಬದಲು ಮಲಗೋ ಮುಂಚೆ ಹೊಟ್ಟೆ ತುಂಬ ಊಟ ಮಾಡಿ.

ಹಾಗಾಗಿ ಗ್ರೂಪಿಗೆ ನನ್ನ ಪ್ರಪೋಸಲ್ ಇದು. ಸ್ಲೀಪಿಂಗ್ ಬ್ಯಾಗ್ ಆರ್ಡರ್ ಕ್ಯಾನ್ಸಲ್ ಮಾಡಿ. ಆ ದುಡ್ಡಲ್ಲಿ ತಲೆಗೊಂದು ಫೋಮ್ ಮ್ಯಾಟ್, ಇಬ್ಬರಿಗೊಂದರಂತೆ ಕುರಿ ಉಣ್ಣೆಯ ಕಂಬಳಿ ತಗೊಳ್ಳೋಣ. ಚಳ್ಳಕೆರೆ ಕಡೆಯ ಕ್ಲಾಸ್‌ಮೇಟ್ಸ್ ಇದ್ರೆ ಮೆಸೇಜ್ ಮಾಡಿ, ನಿಮ್ಮೂರಲ್ಲಿ ನೇಯ್ದಿದ್ದೇ ಬೇಕು. ಟೆಂಟ್ ಒಳಗೆ ಬೆಂಕಿ ಇಲ್ಲ, ಕೆಂಡ ಇಲ್ಲ, ಸ್ಟವ್ ಇಲ್ಲ ಅಂತ ಎಲ್ಲರೂ ಒಪ್ಪಿದ್ರೆ ಮಾತ್ರ ನಾನು ಬರ್ತೀನಿ. ಕಾಡಿನ ಜಾಗ ಆದ್ರೆ ಅರಣ್ಯ ಇಲಾಖೆ ಪರ್ಮಿಷನ್ ಮೊದಲು, ಹ್ಯಾಮಕ್ ಆಮೇಲೆ. ಪರ್ಮಿಷನ್ ಸಿಗಲಿಲ್ಲ ಅಂದ್ರೆ ಅಜ್ಜನ ಹಲಸಿನ ಮರ ಇದ್ದೇ ಇದೆ. ಅಡಿಕೆ ಸುಲಿಯೋಕೆ ಜನ ಸಾಲಲ್ಲ ಅಂತ ಅಜ್ಜ ಆಗ್ಲೇ ಎರಡು ಸಲ ಫೋನ್ ಮಾಡಿದಾನೆ.