ಮೂರನೆಯವರಿಗೆ ಹಾಕಿದ ಮತ

1992ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಟೆಕ್ಸಾಸ್‌ನ ಉದ್ಯಮಿ ರಾಸ್ ಪೆರೋ ಪಕ್ಷೇತರರಾಗಿ ನಿಂತರು. ಸುಮಾರು 1.97 ಕೋಟಿ ಜನ ಅವರಿಗೆ ಮತ ಹಾಕಿದರು. ಚಲಾವಣೆಯಾದ ಮತಗಳಲ್ಲಿ ಅದು ಶೇ 19ಕ್ಕೆ ಹತ್ತಿರ. ಅಧ್ಯಕ್ಷರನ್ನು ಆರಿಸುವ 538 ಎಲೆಕ್ಟೋರಲ್ ಮತಗಳಲ್ಲಿ ಮಾತ್ರ ಅವರಿಗೆ ಸಿಕ್ಕಿದ್ದು ಸೊನ್ನೆ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಪಡೆದ ಮತವೂ ಹೆಚ್ಚುಕಡಿಮೆ ಅಷ್ಟೇ, ಶೇ 18ರ ಆಸುಪಾಸು. ಅದು 37 ಸ್ಥಾನ ಗೆದ್ದಿತು, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಎರಡೂ ಕಡೆ ಎಣಿಕೆಯ ನಿಯಮ ಮೂಲದಲ್ಲಿ ಒಂದೇ. ರಾಜ್ಯದಲ್ಲಾಗಲಿ ಕ್ಷೇತ್ರದಲ್ಲಾಗಲಿ, ಯಾರಿಗೆ ಒಂದು ಮತ ಹೆಚ್ಚೋ ಅವರು ಗೆದ್ದರು, ಉಳಿದವರಿಗೆ ಏನೂ ಇಲ್ಲ.

ರಿಪಬ್ಲಿಕನ್ನರೂ ಬೇಡ, ಡೆಮಾಕ್ರಟರೂ ಬೇಡ ಎನ್ನುವವರು ಮೂರನೇ ಪಕ್ಷಕ್ಕೆ ಮತ ಹಾಕುತ್ತಾ ಹೋದರೆ ಅಮೆರಿಕದ ಎರಡು ಪಕ್ಷಗಳ ಹಿಡಿತ ಎಂದಾದರೂ ಸಡಿಲವಾದೀತೇ ಎಂಬ ಪ್ರಶ್ನೆ ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಏಳುತ್ತದೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ನೆಲೆಸಿ ಅಲ್ಲಿನ ಪೌರರಾಗಿರುವ ನಮ್ಮವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಪೆರೋಗೆ ಸೊನ್ನೆ, ಜೆಡಿಎಸ್‌ಗೆ ಅಧಿಕಾರ ಹೇಗಾಯಿತು ಎಂದು ನೋಡಿದರೆ ಉತ್ತರದ ಅರ್ಧ ದಾರಿ ಸಾಗಿದಂತೆ.

ಮೊದಲನೆಯದಾಗಿ, ಮತ ಎಷ್ಟು ಬಂತು ಎನ್ನುವುದಕ್ಕಿಂತ ಎಲ್ಲಿ ಬಂತು ಎನ್ನುವುದು ಮುಖ್ಯ. ಜೆಡಿಎಸ್ ಮತಗಳು ಹಾಸನ, ಮಂಡ್ಯದಂಥ ಹಳೇ ಮೈಸೂರಿನ ಜಿಲ್ಲೆಗಳಲ್ಲಿ ಒತ್ತಾಗಿದ್ದವು. ಪೆರೋ ಮತಗಳು ದೇಶದ ಉದ್ದಗಲಕ್ಕೂ ತೆಳ್ಳಗೆ ಹರಡಿದ್ದವು. ಮೇಯ್ನ್ ರಾಜ್ಯದಲ್ಲಿ ಅವರು ಅಧಿಕಾರದಲ್ಲಿದ್ದ ಅಧ್ಯಕ್ಷ, ಹಿರಿಯ ಬುಷ್ ಅವರನ್ನೇ ಹಿಂದಿಕ್ಕಿ ಎರಡನೇ ಸ್ಥಾನಕ್ಕೆ ಬಂದರು. ಆದರೆ ಎರಡನೇ ಸ್ಥಾನಕ್ಕೆ ಬೆಲೆ ಇಲ್ಲ. ಇದಕ್ಕೆ ತದ್ವಿರುದ್ಧವಾದದ್ದು 1968ರ ಕಥೆ. ವರ್ಣಭೇದವನ್ನು ಉಳಿಸಿಕೊಳ್ಳಬೇಕೆಂದು ನಿಂತ ಜಾರ್ಜ್ ವ್ಯಾಲೇಸ್ ಪಡೆದದ್ದು ಶೇ 13.5ರಷ್ಟು ಮತ, ಪೆರೋಗಿಂತ ಎಷ್ಟೋ ಕಡಿಮೆ. ದಕ್ಷಿಣದ ಐದು ರಾಜ್ಯಗಳಲ್ಲಿ ಅವರ ಬೆಂಬಲ ಗಟ್ಟಿಯಾಗಿದ್ದರಿಂದ ಅಲ್ಲಿಂದಲೇ 45 ಎಲೆಕ್ಟೋರಲ್ ಮತಗಳು ಬಂದವು.

ಎರಡನೆಯದು, ಗೆಲ್ಲಬೇಕಾದ ಹುದ್ದೆ ಎಂಥದು ಎನ್ನುವುದು. ಶಾಸಕರನ್ನು ಆರಿಸಿ, ಆಮೇಲೆ ಅವರಿಂದ ಸರ್ಕಾರ ರಚಿಸುವ ಪದ್ಧತಿಯಲ್ಲಿ 37 ಸ್ಥಾನಕ್ಕೂ ಬೆಲೆ ಕಟ್ಟಬಹುದು. ಅಧ್ಯಕ್ಷ ಪದವಿ ಒಂದೇ ಕುರ್ಚಿ, ಅದನ್ನು ಪಾಲು ಮಾಡಲಾಗದು. ಯಾರಿಗೂ 270 ಎಲೆಕ್ಟೋರಲ್ ಮತ ಬಾರದಿದ್ದರೆ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ಒಂದು ರಾಜ್ಯಕ್ಕೆ ಒಂದೇ ಮತ, ಕುಳಿತಿರುವವರು ಬಹುತೇಕ ಎಲ್ಲರೂ ಆ ಎರಡು ಪಕ್ಷದವರೇ.

ಫ್ರಾನ್ಸಿನ ರಾಜಕೀಯ ವಿಜ್ಞಾನಿ ಮಾರಿಸ್ ದುವೆರ್ಜೆ 1951ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಒಂದು ಸೂತ್ರವಾಗಿ ಮುಂದಿಟ್ಟರು. ಒಂದು ಕ್ಷೇತ್ರ, ಒಬ್ಬನೇ ಪ್ರತಿನಿಧಿ, ಹೆಚ್ಚು ಮತ ಪಡೆದವನು ಗೆದ್ದ ಎಂಬ ನಿಯಮ ಇರುವಲ್ಲಿ ಕಾಲಕ್ರಮೇಣ ಎರಡೇ ಪಕ್ಷ ಉಳಿಯುತ್ತವೆ ಎಂದರು. ನಮ್ಮ ಊರುಗಳ ಚುನಾವಣೆ ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಿಲ್ಲ. ‘ಆತ ಒಳ್ಳೆಯವನೇ, ಆದರೆ ಗೆಲ್ಲಲ್ಲ, ಮತ ಯಾಕೆ ಹಾಳು ಮಾಡ್ಕೋತೀರಿ’ ಎಂಬ ಮಾತು ಮತದಾನದ ಹಿಂದಿನ ದಿನ ಮನೆಮನೆಯಲ್ಲೂ ಕೇಳುತ್ತದೆ. ಹಾಗೆಂದು ಒಬ್ಬೊಬ್ಬರೂ ಲೆಕ್ಕ ಹಾಕಿದರೆ ಆತ ನಿಜಕ್ಕೂ ಗೆಲ್ಲುವುದಿಲ್ಲ.

ಆ ಲೆಕ್ಕ ತಪ್ಪೇನಲ್ಲ ಎಂದು ತೋರಿಸಿದ್ದು 2000ದ ಫ್ಲಾರಿಡಾ. ಅಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಅವರು ಅಲ್ ಗೋರ್ ವಿರುದ್ಧ ಗೆದ್ದ ಅಂತರ 537 ಮತ. ಗ್ರಾಹಕರ ಹಕ್ಕುಗಳಿಗಾಗಿ ಜೀವಮಾನವಿಡೀ ಹೋರಾಡಿದ ರಾಲ್ಫ್ ನೇಡರ್ ಗ್ರೀನ್ ಪಕ್ಷದಿಂದ ನಿಂತು ಅದೇ ರಾಜ್ಯದಲ್ಲಿ 97 ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. ಅವರು ಕಣದಲ್ಲಿಲ್ಲದಿದ್ದರೆ ಆ ಮತದಾರರಲ್ಲಿ ಎಷ್ಟೋ ಮಂದಿ ಮನೆಯಲ್ಲೇ ಉಳಿಯುತ್ತಿದ್ದರು, ಕೆಲವರು ಬುಷ್ ಕಡೆಗೂ ಹೋಗುತ್ತಿದ್ದರು. ಆದರೆ ಅಂತರ ಅಷ್ಟು ಕಿರಿದಾಗಿರುವಾಗ ಗೋರ್ ಕಡೆ ಸ್ವಲ್ಪ ವಾಲಿದ್ದರೂ ಸಾಕಿತ್ತು. ಅಂದಿನಿಂದ ನೇಡರ್ ಬೆಂಬಲಿಗರನ್ನು ಬೈಯುವುದು ಅಲ್ಲಿ ಒಂದು ರೂಢಿಯಾಗಿದೆ. ಆ ಬೈಗುಳ ನನಗೆ ಒಪ್ಪಿಗೆಯಿಲ್ಲ. ತನಗೆ ಸರಿ ಕಂಡವನಿಗೆ ಮತ ಹಾಕಿದ ಪ್ರಜೆ, ತಾನು ಎಲ್ಲರಿಗಿಂತ ಹೆಚ್ಚು ವಿರೋಧಿಸುವವನನ್ನೇ ಗೆಲ್ಲಿಸಿದಂತಾಗುವುದಾದರೆ ದೂರಬೇಕಾದದ್ದು ಎಣಿಕೆಯ ನಿಯಮವನ್ನು.

ಹಾಗಾದರೆ ಈ ಮತಗಳಿಂದ ಏನೂ ಆಗಿಲ್ಲವೇ? ಆಗಿದೆ, ಬೇರೆಯ ರೀತಿಯಲ್ಲಿ. 1892ರಲ್ಲಿ ಸಾಲದಲ್ಲಿ ಮುಳುಗಿದ್ದ ರೈತರ ಸಿಟ್ಟಿನಿಂದ ಎದ್ದ ಪಾಪ್ಯುಲಿಸ್ಟ್ ಪಕ್ಷ ಓಮಾಹಾ ನಗರದಲ್ಲಿ ಸೇರಿ ತನ್ನ ಬೇಡಿಕೆಗಳನ್ನು ಪ್ರಕಟಿಸಿತು. ವರಮಾನ ಹೆಚ್ಚಿದಂತೆ ತೆರಿಗೆಯೂ ಹೆಚ್ಚಬೇಕು, ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಬೇಕು ಎನ್ನುವವು ಅವುಗಳಲ್ಲಿ ಸೇರಿದ್ದವು. ಆ ವರ್ಷ ಅದರ ಅಭ್ಯರ್ಥಿಗೆ ಶೇ 8.5ರಷ್ಟು ಮತ, 22 ಎಲೆಕ್ಟೋರಲ್ ಮತ ಬಂದವು. ನಾಲ್ಕೇ ವರ್ಷದಲ್ಲಿ ಡೆಮಾಕ್ರಟಿಕ್ ಪಕ್ಷ ಅವರ ಮಾತುಗಳನ್ನು ತನ್ನದಾಗಿಸಿಕೊಂಡು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನು ನಿಲ್ಲಿಸಿತು. ಪಾಪ್ಯುಲಿಸ್ಟರಿಗೂ ಅವರನ್ನೇ ಬೆಂಬಲಿಸದೆ ಗತಿಯಿರಲಿಲ್ಲ. ಪಕ್ಷ ಕರಗಿತು. 1913ರಲ್ಲಿ ವರಮಾನ ತೆರಿಗೆ, ಸೆನೆಟರ್‌ಗಳ ನೇರ ಆಯ್ಕೆ ಎರಡೂ ಸಂವಿಧಾನ ತಿದ್ದುಪಡಿಗಳಾಗಿ ಜಾರಿಗೆ ಬಂದವು. ಆ ಹಳ್ಳಿಗಾಡಿನ ಮತದಾರರು ಸೋತರೆಂದು ನಾನು ಹೇಳಲಾರೆ. ಆದರೆ ಎರಡು ಪಕ್ಷಗಳ ವ್ಯವಸ್ಥೆ ಅಲುಗಲಿಲ್ಲ. ಪೆರೋ ವಿಷಯದಲ್ಲೂ ಹೀಗೆಯೇ. ಬಜೆಟ್ ಕೊರತೆಯ ಚಾರ್ಟುಗಳನ್ನು ಟಿ.ವಿ. ಮುಂದೆ ಹಿಡಿದು ಅವರು ಮಾಡಿದ ಪಾಠ ಎರಡೂ ಪಕ್ಷಗಳನ್ನು ಎಚ್ಚರಿಸಿತು. ಅವರು ಕಟ್ಟಿದ ರಿಫಾರ್ಮ್ ಪಕ್ಷದಿಂದ ಕುಸ್ತಿಪಟು ಜೆಸ್ಸಿ ವೆಂಚುರಾ 1998ರಲ್ಲಿ ಮಿನ್ನೆಸೋಟದ ಗವರ್ನರ್ ಕೂಡ ಆದರು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಅದೇ ಪಕ್ಷಕ್ಕೆ ಬಂದದ್ದು ಶೇ ಅರ್ಧಕ್ಕಿಂತ ಕಡಿಮೆ.

ರಿಪಬ್ಲಿಕನ್ ಪಕ್ಷವೇ ಒಮ್ಮೆ ಮೂರನೇ ಪಕ್ಷವಾಗಿತ್ತಲ್ಲ ಎಂದು ಕೆಲವರು ನೆನಪಿಸುತ್ತಾರೆ. 1854ರಲ್ಲಿ ಹುಟ್ಟಿ 1860ರಲ್ಲಿ ಲಿಂಕನ್ ಅವರನ್ನು ಗೆಲ್ಲಿಸಿದ ಪಕ್ಷ ಅದು ನಿಜ. ಆದರೆ ಅದು ಬೆಳೆದದ್ದು ಗುಲಾಮಗಿರಿಯ ಪ್ರಶ್ನೆಯಲ್ಲಿ ವಿಗ್ ಪಕ್ಷ ಒಡೆದು ಬಿದ್ದ ಜಾಗದಲ್ಲಿ. ಒಂದು ಕುರ್ಚಿ ಖಾಲಿಯಾಯಿತು, ಹೊಸಬರು ಕೂತರು. ಕುರ್ಚಿಗಳು ಮೂರಾಗಲಿಲ್ಲ.

ಅಮೆರಿಕದ ಮೂರನೇ ಪಕ್ಷಗಳನ್ನು ಬಡವಾಗಿಸುವ ಇನ್ನೊಂದು ಸಂಗತಿ ಇದೆ, ನಮ್ಮಲ್ಲಿ ಅದರ ಚರ್ಚೆ ಕಡಿಮೆ. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೈಲಿದೆ. ಬಿ ಫಾರಂ ಸಿಗದವನು ಬಂಡಾಯ ಎದ್ದು ಪಕ್ಷೇತರನಾಗಿ ನಿಲ್ಲುತ್ತಾನೆ, ಇಲ್ಲವೇ ಬೇರೆ ಪಕ್ಷ ಸೇರುತ್ತಾನೆ, ಬಲವಿದ್ದರೆ ಹೊಸ ಪಕ್ಷವನ್ನೇ ಕಟ್ಟುತ್ತಾನೆ. ಅಮೆರಿಕದಲ್ಲಿ ಟಿಕೆಟ್ ಯಾರಿಗೆಂದು ತೀರ್ಮಾನಿಸುವುದು ಪ್ರೈಮರಿ ಎಂಬ ಒಳಚುನಾವಣೆ. ನಾಯಕರಿಗೆ ಇಷ್ಟವಿಲ್ಲದವನೂ ಅದಕ್ಕೆ ನಿಲ್ಲಬಹುದು, ಮತದಾರರು ಒಪ್ಪಿದರೆ ಪಕ್ಷದ ಹೆಸರು ಅವನದೇ. ಡೊನಾಲ್ಡ್ ಟ್ರಂಪ್ 2000ದಲ್ಲಿ ರಿಫಾರ್ಮ್ ಪಕ್ಷದಿಂದ ಸ್ಪರ್ಧಿಸಲು ಯತ್ನಿಸಿ ಹಿಂದೆ ಸರಿದಿದ್ದರು. 2016ರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ಇಳಿದು ಆ ಪಕ್ಷವನ್ನೇ ತಮ್ಮದಾಗಿಸಿಕೊಂಡರು. ಸೆನೆಟ್‌ನಲ್ಲಿ ಪಕ್ಷೇತರರಾಗಿರುವ ಬರ್ನಿ ಸ್ಯಾಂಡರ್ಸ್ ಅಧ್ಯಕ್ಷ ಪದವಿಗೆ ಎರಡು ಸಲ ಪ್ರಯತ್ನಿಸಿದ್ದು ಡೆಮಾಕ್ರಟಿಕ್ ಪ್ರೈಮರಿಯ ಮೂಲಕ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಪ್ರೈಮರಿಯಲ್ಲಿ ಸೋತರು. 2022ರಲ್ಲಿ ಹಲವರಿದ್ದ ಇನ್ನೊಂದು ಪ್ರೈಮರಿಯನ್ನು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮತದಲ್ಲೇ ಗೆದ್ದು ಸಂಸತ್ತಿಗೆ ಹೋದರು. ಬಾಗಿಲು ಹೀಗೆ ತೆರೆದಿರುವಾಗ ಚುರುಕಾದ ಬಂಡಾಯಗಾರರು ಹೊರಗೆ ಗುಡಿಸಲು ಕಟ್ಟುವುದಿಲ್ಲ.

ಇಷ್ಟು ಹೇಳಿದ ಮೇಲೂ, ಮೂರನೇ ಪಕ್ಷಕ್ಕೆ ಬಿದ್ದ ಮತಗಳು ಎರಡು ಪಕ್ಷಗಳ ವ್ಯವಸ್ಥೆಯನ್ನು ಬದಲಿಸಿದ ಉದಾಹರಣೆ ಜಗತ್ತಿನಲ್ಲಿ ಇದೆ. ಅದು ನ್ಯೂಜಿಲೆಂಡ್. ಅಲ್ಲಿಯೂ ನಮ್ಮದೇ ಎಣಿಕೆ ಇತ್ತು, ಲೇಬರ್ ಮತ್ತು ನ್ಯಾಷನಲ್ ಎಂಬ ಎರಡೇ ಪಕ್ಷ ಆಳುತ್ತಿದ್ದವು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಪಕ್ಷ ಶೇ 20ಕ್ಕಿಂತ ಹೆಚ್ಚು ಮತ ಪಡೆದು 92ರಲ್ಲಿ ಎರಡು ಸ್ಥಾನ ಗೆದ್ದಿತು. ಐವರಲ್ಲಿ ಒಬ್ಬರ ಮತಕ್ಕೆ ಎರಡು ಸ್ಥಾನ! ಅದಷ್ಟೇ ಆಗಿದ್ದರೆ ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ 1978ರಲ್ಲೂ 1981ರಲ್ಲೂ ಲೇಬರ್ ಪಕ್ಷಕ್ಕೆ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದಿದ್ದರೂ ಸ್ಥಾನ ಹೆಚ್ಚು ಬಂದದ್ದು ನ್ಯಾಷನಲ್ ಪಕ್ಷಕ್ಕೆ. ನಿಯಮದ ಅನ್ಯಾಯ ಈಗ ದೊಡ್ಡ ಪಕ್ಷಕ್ಕೂ ತಟ್ಟಿತು. 1984ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಆಯೋಗ ನೇಮಿಸಿತು. ಮತಕ್ಕೆ ತಕ್ಕ ಪಾಲು ಸ್ಥಾನ ಸಿಗುವಂಥ ಪದ್ಧತಿ ಬೇಕು ಎಂದು ಆಯೋಗ 1986ರಲ್ಲಿ ವರದಿ ಕೊಟ್ಟಿತು. ಆಮೇಲೆ ಎರಡೂ ಪಕ್ಷಗಳಿಗೆ ಉತ್ಸಾಹ ಉಳಿಯಲಿಲ್ಲ, ಜನ ಬಿಡಲಿಲ್ಲ. 1992ರ ಜನಮತದಲ್ಲಿ ಶೇ 85ರಷ್ಟು ಮಂದಿ ಬದಲಾವಣೆ ಬೇಕೆಂದರು, 1993ರಲ್ಲಿ ಹೊಸ ಪದ್ಧತಿ ಶೇ 54ರಷ್ಟು ಮತದಿಂದ ಗೆದ್ದಿತು. 1996ರಲ್ಲಿ ಅದು ಜಾರಿಗೆ ಬಂದ ಮೇಲೆ ಒಂದೇ ಪಕ್ಷ ಒಂಟಿಯಾಗಿ ಬಹುಮತ ಗಳಿಸಿದ್ದು 2020ರಲ್ಲಿ ಮಾತ್ರ.

ಸೋಷಿಯಲ್ ಕ್ರೆಡಿಟ್ ಮತದಾರರು ತಮ್ಮ ಪಕ್ಷವನ್ನು ಅಧಿಕಾರಕ್ಕೆ ತರಲಿಲ್ಲ. ಅವರ ಮತಗಳು ಹಳೆಯ ನಿಯಮದ ವಿರುದ್ಧ ಸಾಕ್ಷಿಯಾದವು. ಸಾಕ್ಷಿಯನ್ನು ಹಿಡಿದು ನಿಯಮ ಬದಲಿಸುವ ಕೆಲಸ ಮತಗಟ್ಟೆಯ ಹೊರಗೆ, ವರ್ಷಗಟ್ಟಲೆ ನಡೆಯಿತು. ಮೂರನೆಯವರಿಗೆ ಮತ ಹಾಕಿ ಅಲ್ಲಿಗೇ ಬಿಟ್ಟರೆ ಅದು ಮುನಿಸು ಮಾತ್ರ. ಅಮೆರಿಕದ ಚರ್ಚೆಗಳಲ್ಲಿ ನನಗೆ ಕಾಣದೆ ಹೋಗುವುದು ಈ ಎರಡನೇ ಹೆಜ್ಜೆ.

ಅಮೆರಿಕದೊಳಗೇ ಅದನ್ನು ಇಟ್ಟ ರಾಜ್ಯ, ಪೆರೋಗೆ ಎರಡನೇ ಸ್ಥಾನ ಕೊಟ್ಟ ಅದೇ ಮೇಯ್ನ್. ಅಲ್ಲಿನ ಜನ ಹಿಂದಿನಿಂದಲೂ ಪಕ್ಷೇತರರನ್ನು ಮೆಚ್ಚುವವರು, ಇಬ್ಬರನ್ನು ಗವರ್ನರ್ ಕೂಡ ಮಾಡಿದವರು. 2010ರಲ್ಲಿ ಮತ ಮೂರು ಹೋಳಾಗಿ, ಪಾಲ್ ಲಪೇಜ್ ಶೇ 38ರ ಆಸುಪಾಸಿನ ಮತದಲ್ಲಿ ಗವರ್ನರ್ ಆದರು. ಹತ್ತರಲ್ಲಿ ಆರು ಮಂದಿ ಬೇಡವೆಂದವರು ಆಳುವುದು ಸರಿಯೇ ಎಂಬ ಚರ್ಚೆ ಬೆಳೆದು, 2016ರ ಜನಮತದಲ್ಲಿ ಪ್ರಾಶಸ್ತ್ಯದ ಮತದ ಪದ್ಧತಿ ಗೆದ್ದಿತು. ನಮ್ಮ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಗೊತ್ತಿರುವುದೇ. ಹೆಸರುಗಳ ಮುಂದೆ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಆದ್ಯತೆ ಸೂಚಿಸುವುದು.

2018ರ ನವೆಂಬರ್‌ನಲ್ಲಿ ಮೇಯ್ನ್‌ನ ಎರಡನೇ ಸಂಸತ್ ಕ್ಷೇತ್ರದಲ್ಲಿ ಇದು ಹೇಗೆ ನಡೆಯಿತೆಂದು ಹತ್ತಿರದಿಂದ ನೋಡಿ. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಬ್ರೂಸ್ ಪೋಲಿಕ್ವಿನ್‌ಗೆ ಶೇ 46.3, ಡೆಮಾಕ್ರಟ್ ಜಾರೆಡ್ ಗೋಲ್ಡನ್‌ಗೆ ಶೇ 45.6. ಇಬ್ಬರು ಪಕ್ಷೇತರರಿಗೆ ಸೇರಿ ಸುಮಾರು 23 ಸಾವಿರ ಮತ. ಹಳೆಯ ನಿಯಮವಾಗಿದ್ದರೆ ಅಲ್ಲಿಗೆ ಮುಗಿಯಿತು, ಪಕ್ಷೇತರರು ಮತ ತಿಂದರೆಂಬ ದೂರು ಉಳಿಯುತ್ತಿತ್ತು. ಹೊಸ ನಿಯಮದಲ್ಲಿ ಆ 23 ಸಾವಿರ ಮತಪತ್ರಗಳ ಮುಂದಿನ ಆಯ್ಕೆಗಳನ್ನು ತೆಗೆದು ನೋಡಿದರು. ಹತ್ತು ಸಾವಿರಕ್ಕೂ ಹೆಚ್ಚು ಗೋಲ್ಡನ್‌ಗೆ ಹೋದವು, ಐದು ಸಾವಿರಕ್ಕೆ ತುಸು ಕಡಿಮೆ ಪೋಲಿಕ್ವಿನ್‌ಗೆ. ಉಳಿದವರು ಈ ಇಬ್ಬರಲ್ಲಿ ಯಾರನ್ನೂ ಗುರುತಿಸಿರಲಿಲ್ಲ. ಗೋಲ್ಡನ್ ಸುಮಾರು 3,500 ಮತಗಳಿಂದ ಗೆದ್ದರು. ಪೋಲಿಕ್ವಿನ್ ನ್ಯಾಯಾಲಯಕ್ಕೆ ಹೋದರು, ಅಲ್ಲೂ ಸೋತರು. ಮೊದಲ ಆಯ್ಕೆಯಾಗಿ ಪಕ್ಷೇತರರನ್ನು ಬರೆದವರ ಮತ ಈ ಸಲ ಯಾರನ್ನೂ ಕೆಡಿಸಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಗೆದ್ದದ್ದು ಕೊನೆಗೂ ದೊಡ್ಡ ಪಕ್ಷದವರೇ. ಪ್ರಾಶಸ್ತ್ಯದ ಮತ ಭಯವನ್ನು ತೆಗೆಯುತ್ತದೆ, ಸ್ಥಾನವನ್ನು ತಂದುಕೊಡುವುದಿಲ್ಲ. ಅದಕ್ಕೆ ಒಂದು ಕ್ಷೇತ್ರದಿಂದ ಹಲವರನ್ನು ಮತದ ಪಾಲಿಗೆ ತಕ್ಕಂತೆ ಆರಿಸುವ ಪದ್ಧತಿ ಬೇಕು. ಅಮೆರಿಕದ ಪ್ರತಿನಿಧಿ ಸಭೆಗೆ ಒಂದು ಕ್ಷೇತ್ರಕ್ಕೆ ಒಬ್ಬರೇ ಎಂದು ಕಟ್ಟುಹಾಕಿರುವುದು ಸಂವಿಧಾನವಲ್ಲ, 1967ರ ಒಂದು ಸಾಮಾನ್ಯ ಕಾನೂನು. ಸಂಸತ್ತು ಮನಸ್ಸು ಮಾಡಿದರೆ ಇನ್ನೊಂದು ಮಸೂದೆಯಿಂದ ಅದನ್ನು ತೆಗೆಯಬಹುದು. ಮನಸ್ಸು ಮಾಡಬೇಕಾದವರು ಆ ಕಾನೂನಿನಿಂದಲೇ ಗೆದ್ದವರು ಎನ್ನುವುದು ತೊಡಕು.

ಪೆನ್ಸಿಲ್ವೇನಿಯಾದಂಥ ತೂಗುಯ್ಯಾಲೆಯ ರಾಜ್ಯದಲ್ಲಿರುವ ಕನ್ನಡಿಗರೊಬ್ಬರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು: ಅಧ್ಯಕ್ಷ ಹುದ್ದೆಗೆ, ಇರುವ ಇಬ್ಬರಲ್ಲಿ ಮೇಲೆಂದು ಕಂಡವರಿಗೆ ಹಾಕಿ, ಫಲಿತಾಂಶ ಮೊದಲೇ ಗೊತ್ತಿರುವ ಕ್ಯಾಲಿಫೋರ್ನಿಯಾದಲ್ಲಿದ್ದರೆ ಮೂರನೆಯವರಿಗೆ ಹಾಕಲು ಅಂಜಬೇಡಿ. ಎರಡೂ ಕಡೆಯವರು ಪ್ರೈಮರಿಯನ್ನು ತಪ್ಪಿಸಬೇಡಿ, ನಿಮ್ಮ ರಾಜ್ಯದ ಶಾಸಕರನ್ನು ಎಣಿಕೆಯ ನಿಯಮದ ಬಗ್ಗೆ ಕೇಳಿ. ಕೆಲಸ ಸುಲಭವಿಲ್ಲ. ಮೇಯ್ನ್‌ನಲ್ಲಿಯೇ ಆ ರಾಜ್ಯದ ಸಂವಿಧಾನದ ಒಂದು ಮಾತು ಅಡ್ಡ ಬಂದು, ಈ ಸುಧಾರಣೆಗೆ ಕಾರಣವಾದ ಗವರ್ನರ್ ಚುನಾವಣೆಗೇ ಅದು ಅನ್ವಯವಾಗಲಿಲ್ಲ. 2024ರಲ್ಲಿ ನೆವಾಡ, ಆರೆಗನ್, ಕೊಲೊರಾಡೊ, ಐಡಹೊ ರಾಜ್ಯಗಳ ಮತದಾರರು ಪ್ರಾಶಸ್ತ್ಯದ ಮತದ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಅದೇ ದಿನ ಅಲಾಸ್ಕದಲ್ಲಿ, ಆಗಲೇ ಜಾರಿಯಲ್ಲಿದ್ದ ಪದ್ಧತಿಯನ್ನು ರದ್ದು ಮಾಡಬೇಕೆಂಬ ಪ್ರಸ್ತಾವ ಮತಕ್ಕೆ ಬಂದಿತ್ತು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಮತ ಹಾಕಿದ ಆ ರಾಜ್ಯದಲ್ಲಿ, ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಆ ಪದ್ಧತಿ ಉಳಿದುಕೊಂಡಿತು.